ಹಳೇ ಕಾರಿನ ಸಪ್ಪಳ: ಒಳಗಿನದು ಯಾವುದು, ಕೆಳಗಿನದು ಯಾವುದು?

ನಮ್ಮ ಮನೆಯಲ್ಲಿ ಒಂದು ಮಾರುತಿ 800 ಐತಿ. 2004ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಮ್ಮದು ಮೂಡಲಗಿ ಕಡೆ ಕಾಲುವೆ ನೀರು ಹತ್ತದ ಎತ್ತರದ ಹೊಲ. ಮಳೆ ಆದರೆ ಜೋಳ, ಕಡಲೆ. ಆಗದಿದ್ದರೆ ದನಕ್ಕೆ ಒಂದಿಷ್ಟು ಕಣಿಕೆ, ಅಷ್ಟೇ. ಹೊಸ ಕಾರಿನ ಮಾತು ನಮ್ಮಂಥವರು ಆಡುವ ಹಾಗಿಲ್ಲ. ಬೀಜ ಗೊಬ್ಬರಕ್ಕೆ ಗೋಕಾಕ, ಮಗಳ ಮನೆಗೆ ಹುಕ್ಕೇರಿ, ರಾತ್ರಿ ಯಾರಿಗಾದರೂ ಆರಾಮ ತಪ್ಪಿದರೆ ದವಾಖಾನೆ, ಇಷ್ಟಕ್ಕೂ ಇದೇ ಆಧಾರ. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಮತ್ತೆ ಐದು ವರ್ಷಕ್ಕೆ ಇನ್ನೊಮ್ಮೆ ಪಾಸಿಂಗ್ ಮಾಡಿಸಿ ಇಟ್ಟುಕೊಂಡಿದ್ದೇವೆ. 1983ರ ಡಿಸೆಂಬರದಲ್ಲಿ ರಸ್ತೆಗೆ ಬಂದ ಈ ಗಾಡಿಯ ತಯಾರಿಕೆ 2014ರ ಜನವರಿಗೆ ನಿಂತಿತು. ಹಾಗಾಗಿ ಈಗ ನಮ್ಮ ಕಡೆ ಓಡಾಡುವ ಎಲ್ಲಕ್ಕೂ ಹೊಸ 800ಕ್ಕೂ ಹತ್ತು ವರ್ಷ ದಾಟಿ ಹೋಗಿದೆ.

ಎಂಜಿನ್ ಗಟ್ಟಿ ಐತಿ. ತೊಂದರೆ ಎಲ್ಲಾ ಸಪ್ಪಳದ್ದು. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರ್ ಓಡಾಡಿ ರಸ್ತೆ ಎಲ್ಲಾ ತಗ್ಗು ಬಿದ್ದಿರುತ್ತದೆ. ಆಗ ಕಾರಿನ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. "ಇದರಾಗ ಕುಂತರ ಕರಡಿ ಮಜಲಿನ ನಡುವ ಕುಂತಂಗ ಆಗತೈತ್ರಿ" ಎಂದು ನಮ್ಮ ಮನೆಯವರು ಅನ್ನುತ್ತಿದ್ದರು. ನಾನು ನಕ್ಕು ಬಿಡುತ್ತಿದ್ದೆ. ಒಂದು ಗ್ಯಾರೇಜಿಗೆ ಒಯ್ದಾಗ ಅವರು ಬಾನೆಟ್ ಸಹ ಎತ್ತದೆ "ಹಳೇ ಗಾಡಿ ಕಾಕಾ, ಪ್ಲಾಸ್ಟಿಕ್ ಸಪ್ಪಳ ಅದು, ಓಡಸ್ರಿ" ಎಂದು ಕಳಿಸಿದರು. ನಾನೂ ನಂಬಿದೆ. ಅದು ಅರ್ಧ ಖರೆ ಇತ್ತು, ಅರ್ಧ ಇರಲಿಲ್ಲ. ಉಳಿದರ್ಧ ಗೊತ್ತಾಗಬೇಕಾದರೆ ಮೊದಲಿನ ಅರ್ಧ ಬಾಯಿ ಮುಚ್ಚಬೇಕಾಯಿತು.

ಪ್ಲಾಸ್ಟಿಕ್ ಯಾಕೆ ಒಣಗುತ್ತದೆ?

ಇದನ್ನು ನಮ್ಮ ಹೊಲದಲ್ಲೇ ನೋಡಬಹುದು. ನೆಲದೊಳಗೆ ಹುಗಿದ ಪಿವಿಸಿ ಪೈಪು ವರ್ಷಗಟ್ಟಲೆ ಹಾಗೇ ಇರುತ್ತದೆ. ಬದುವಿನ ಮೇಲೆ ಬಿಸಿಲಿಗೆ ಬಿದ್ದದ್ದು ನಾಲ್ಕಾರು ಬೇಸಿಗೆ ಕಳೆದರೆ ಕಾಲು ತಾಗಿದರೂ ಒಡೆಯುತ್ತದೆ. ಹನಿ ನೀರಾವರಿಯ ಪೈಪನ್ನು ಕಪ್ಪಗೆ ಮಾಡಿರುವುದು ಚಂದಕ್ಕಲ್ಲ. ಅದರಲ್ಲಿ ಇದ್ದಿಲ ಪುಡಿಯಂಥ ಕಪ್ಪು ಬೆರೆಸಿರುತ್ತಾರೆ, ಅದು ಬಿಸಿಲಿನ ಹೊಡೆತವನ್ನು ತಾನು ತಿಂದು ಪೈಪನ್ನು ಉಳಿಸುತ್ತದೆ.

ಕಾರಿನ ಒಳಗೂ ಇದೇ ಕತೆ, ಮೇಲೆ ಕಾವು ಬೇರೆ. ಬೇಸಿಗೆಯಲ್ಲಿ ಹೊರಗೆ 38 ಡಿಗ್ರಿ ಇದ್ದಾಗ ಕಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಒಂದು ತಾಸಿನಲ್ಲಿ ಒಳಗೆ 60ರ ಹತ್ತಿರ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಮೈ 70 ದಾಟುತ್ತದೆ. ಮೆತ್ತಗಿನ ಪಿವಿಸಿ ಹೊದಿಕೆಗೆ ಮೆತ್ತಗಿರಲಿ ಅಂತ ಎಣ್ಣೆಯಂಥ ಒಂದು ದ್ರವ ಬೆರೆಸಿರುತ್ತಾರೆ. ಕಾವಿಗೆ ಅದು ಆವಿಯಾಗಿ ಹೊರಡುತ್ತದೆ. ಮುಂದಿನ ಗಾಜಿನ ಒಳಮೈಗೆ ಜಿಡ್ಡು ಮಂಜು ಕವಿಯುತ್ತದಲ್ಲ, ಅದರಲ್ಲಿ ಒಂದು ಪಾಲು ಇದೇ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಎಬಿಎಸ್ ಎಂಬುದರೊಳಗೆ ಸಣ್ಣ ಪ್ರಮಾಣದ ರಬ್ಬರು ಇರುತ್ತದೆ. ಪೆಟ್ಟು ತಾಳುವ ಶಕ್ತಿ ಅದರದ್ದು, ಬೆಳಕು ಗಾಳಿಗೆ ಮೊದಲು ಸಾಯುವುದೂ ಅದೇ.

ಹಿಂದೆ ನಮ್ಮ ಚಕ್ಕಡಿಯ ಕಟ್ಟಿಗೆ ಗಾಲಿ ಬ್ಯಾಸಿಗ್ಯಾಗ ಒಣಗಿ ಸಡಿಲ ಆಗುತ್ತಿತ್ತು. ಹಳ್ಳದಲ್ಲಿ ಒಂದು ರಾತ್ರಿ ನೆನೆ ಹಾಕಿದರೆ ನೀರು ಕುಡಿದು, ಉಬ್ಬಿ, ಮತ್ತೆ ಬಿಗಿಯಾಗುತ್ತಿತ್ತು. ಪ್ಲಾಸ್ಟಿಕ್ ಹಾಗಲ್ಲ. ಒಮ್ಮೆ ಒಣಗಿದ್ದು ಏನು ಕುಡಿಸಿದರೂ ತಿರುಗಿ ಬರುವುದಿಲ್ಲ. ಕೆಲವರು ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ, ಡೀಸೆಲ್, ಸೀಮೆ ಎಣ್ಣೆ ಒರೆಸುತ್ತಾರೆ. ಎರಡು ದಿನ ಮಿಂಚುತ್ತದೆ, ಮೂರನೇ ದಿನ ಧೂಳು ಹಿಡಿಯುತ್ತದೆ, ಎಬಿಎಸ್ ಆಗಿದ್ದರೆ ಬಿರುಕು ಇನ್ನೂ ಬೇಗ ಬರುತ್ತದೆ. ಸಾಬೂನು ನೀರಿನಲ್ಲಿ ಹಿಂಡಿದ ಅರಿವೆ ಸಾಕು.

ಇನ್ನೊಂದು ಲೆಕ್ಕ ನನಗೆ ತಡವಾಗಿ ತಿಳಿಯಿತು. ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಪಟ್ಟಿ 40 ಡಿಗ್ರಿ ಕಾವು ಏರಿದರೆ 3ರಿಂದ 4 ಮಿ.ಮೀ. ಬೆಳೆಯುತ್ತದೆ. ಅಷ್ಟೇ ಉದ್ದದ ಕಬ್ಬಿಣ ಬೆಳೆಯುವುದು ಅರ್ಧ ಮಿ.ಮೀ. ಮಾತ್ರ. ಪ್ಲಾಸ್ಟಿಕ್ಕನ್ನು ಕಬ್ಬಿಣಕ್ಕೆ ಬಿಗಿದಿರುವ ಕಡೆ ದಿನಾ ಹಗಲು ಈ ಜಗ್ಗಾಟ ನಡೆಯುತ್ತದೆ. ಸ್ಕ್ರೂ ಕೂಡುವ ಕೊಳವೆ ಒಡೆಯುವುದು, ಕ್ಲಿಪ್ಪಿನ ಕಿವಿ ಮುರಿಯುವುದು ಇದರಿಂದ. ಸಪ್ಪಳ ಬಂದಾಗ ಸಿಟ್ಟಿನಿಂದ ಸ್ಕ್ರೂ ಬಿಗಿ ಮಾಡಿದರೆ ಮರುದಿನದ ಬಿಸಿಲಿಗೆ ಅದೇ ಜಾಗ ಸೀಳುತ್ತದೆ. ನಾನು ಹೀಗೆ ಎರಡು ಕೊಳವೆ ಕಳಕೊಂಡಿದ್ದೇನೆ.

ಮೊದಲು ಹುಡುಕುವುದು

ಗಾಡಿ ಪೂರ್ತಿ ಖಾಲಿ ಮಾಡಿರಿ. ಜಾಕ್, ಪಾನಾ, ಸೀಟಿನ ಕೆಳಗಿನ ಬಾಟಲಿ, ಡಿಕ್ಕಿಯ ಸ್ಟೆಪ್ನಿ ಎಲ್ಲಾ ಹೊರಗೆ ಇಡಿರಿ. ಡ್ಯಾಶ್‌ಬೋರ್ಡಿನೊಳಗಿನ ಒಂದು ಸಪ್ಪಳಕ್ಕೆ ನಾನು ಮೂರು ದಿನ ಒದ್ದಾಡಿದೆ. ಕೊನೆಗೆ ಗಾಳಿ ಬರುವ ಜಾಲರಿಯೊಳಗಿಂದ ಹೊರಬಿದ್ದದ್ದು ಏಳು ಕಡಲೆ ಕಾಳು. ಮೊಮ್ಮಗನ ಬಿತ್ತನೆ ಅದು.

ಆಮೇಲೆ ಒಂದೇ ರಸ್ತೆ, ಒಂದೇ ವೇಗ. ನೀವು ಓಡಿಸಿರಿ, ಇನ್ನೊಬ್ಬರು ಒಂದೊಂದೇ ಜಾಗ ಅಂಗೈಯಿಂದ ಒತ್ತಿ ಹಿಡಿಯಲಿ. ಒತ್ತಿದಾಗ ನಿಂತರೆ ಆ ಜಾಗಕ್ಕೆ ಕಾಗದದ ಟೇಪು ಹಚ್ಚಿ ಗುರುತು ಮಾಡಿರಿ. 800ರ ಎಂಜಿನ್ನಿಗೆ ಮೂರೇ ಸಿಲಿಂಡರ್. ನಿಂತಲ್ಲೇ ಚಾಲೂ ಇಟ್ಟರೂ ನಡುಗುತ್ತದೆ, ಆದ್ದರಿಂದ ಅರ್ಧ ಕೆಲಸ ಮನೆ ಮುಂದೆ ನಿಲ್ಲಿಸಿಯೇ ಆಗುತ್ತದೆ. ನಿಂತಾಗ ವಿಪರೀತ ನಡುಗಿದರೆ ಎಂಜಿನ್ ಕೂರುವ ರಬ್ಬರು ಸತ್ತಿದೆಯೋ ನೋಡಿಸಿರಿ. ಅದನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಪಟ್ಟಿ ಕಟ್ಟುತ್ತಾ ಹೋದರೆ ಉಪಯೋಗವಿಲ್ಲ.

ಬಾಗಿಲ ಕಾಜು ಅರ್ಧ ಇಳಿಸಿದಾಗ ಟಕ ಟಕ ಅಂದು, ಪೂರ್ತಿ ಏರಿಸಿದಾಗ ನಿಂತರೆ ಅದು ಕಾಜು ಜಾರುವ ಗಾಡಿಯ ಸವೆದ ರಬ್ಬರು. ಗ್ರೀಸ್ ಹಚ್ಚಬೇಡಿರಿ, ನಮ್ಮ ಮಣ್ಣಿನ ಧೂಳು ಕೂತು ಕಾಜು ಗೀರುತ್ತದೆ. ಡಿಕ್ಕಿ ಬಾಗಿಲು ಬಡಿಯುತ್ತಿದ್ದರೆ ಅಂಚಿನ ರಬ್ಬರಿನ ಗುಂಡಿಗಳನ್ನು ನೋಡಿರಿ, ಬೀಗದ ಕೊಕ್ಕೆ ಸಿಗುವ ಕಬ್ಬಿಣದ ಬಳೆಗೆ ಕರೆಂಟಿನ ಟೇಪು ಎರಡು ಸುತ್ತು ಸುತ್ತಿ ಪರೀಕ್ಷೆ ಮಾಡಿರಿ. ನಮ್ಮ ಗಾಡಿಯ ದೊಡ್ಡ ಸಪ್ಪಳ ಅಲ್ಲೇ ಅರ್ಧ ನಿಂತಿತು, ಖರ್ಚು ಒಂದು ಗೇಣು ಟೇಪು.

ಬಿಚ್ಚುವುದು, ಜೋಡಿಸುವುದು

ಒಣಗಿದ ಪ್ಲಾಸ್ಟಿಕ್ಕನ್ನು ಚಳಿಗಾಲದ ಮುಂಜಾನೆ ಬಿಚ್ಚಬಾರದು, ತಂಪಿನಲ್ಲಿ ಅದು ಹಪ್ಪಳ. ಗಾಡಿ ಸ್ವಲ್ಪ ಹೊತ್ತು ಬಿಸಿಲಿಗೆ ಕಾಯಲಿ, ಇಲ್ಲವೇ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಐದು ನಿಮಿಷ ಮೇಲೆ ಹಾಕಿರಿ. ಸ್ಕ್ರೂ ಡ್ರೈವರಿನಿಂದ ಮೀಟಬೇಡಿರಿ. ತೆಳ್ಳಗೆ ಕೆತ್ತಿದ ಬಿದಿರ ಸೀಳು ಒಳ್ಳೆಯದು. ನಡುವೆ ಹಿಡಿದು ಎಳೆಯದೆ ಕ್ಲಿಪ್ಪಿನ ಬುಡಕ್ಕೇ ಕೊಟ್ಟು ಎತ್ತಬೇಕು. ಎಷ್ಟೇ ಹುಷಾರಿದ್ದರೂ ಕ್ಲಿಪ್ಪು ಮುರಿಯುತ್ತವೆ, ಮೊದಲೇ ಹತ್ತು ಹದಿನೈದು ತಂದಿಟ್ಟುಕೊಳ್ಳಿರಿ. ಬಿಚ್ಚಿದ ಸ್ಕ್ರೂಗಳಿಗೆ ನಾನು ಗೋಕಾಕ ಕರದಂಟಿನ ಖಾಲಿ ಡಬ್ಬಿ ಇಟ್ಟಿದ್ದೇನೆ. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವ ಮೊದಲು ಬ್ಯಾಟರಿ ವೈರು ತೆಗೆಯಿರಿ. ಈಚಿನ ಗಾಡಿ ಇದ್ದವರಿಗೆ ಒಂದು ಎಚ್ಚರಿಕೆ: ಏರ್‌ಬ್ಯಾಗ್ ಇರುವ ಸ್ಟೇರಿಂಗ್, ಡ್ಯಾಶ್‌ಬೋರ್ಡ್, ಕಂಬದ ಹೊದಿಕೆ ನೀವು ಬಿಚ್ಚಬೇಡಿರಿ, ಅದು ಮದ್ದು ತುಂಬಿದ ಸಾಮಾನು.

ಅಂಟಿಸುವ ಮೊದಲು ಅದು ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕು. ಭಾಗದ ಹಿಂಬದಿ ಪಿಪಿ ಅಥವಾ ಎಬಿಎಸ್ ಎಂದು ಇಂಗ್ಲಿಷಿನಲ್ಲಿ ಅಚ್ಚು ಇರುತ್ತದೆ. ಇಲ್ಲದಿದ್ದರೆ ಬೀಜ ಪರೀಕ್ಷೆ ಮಾಡುವಂತೆ ಒಂದು ಚೂರು ನೀರಿಗೆ ಹಾಕಿರಿ. ಜೊಳ್ಳಿನಂತೆ ತೇಲಿದರೆ ಪಿಪಿ, ಮುಳುಗಿದರೆ ಹೆಚ್ಚಾಗಿ ಎಬಿಎಸ್.

ಎಬಿಎಸ್‌ಗೆ ಒಳ್ಳೆಯ ಅಂಟು ಎಂದರೆ ಎಬಿಎಸ್ಸೇ. ಒಡೆದು ಎಸೆದ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನಿಗೆ ಹಾಕಿ ಒಂದು ರಾತ್ರಿ ಬಿಟ್ಟರೆ ಅಂಬಲಿಯಂತೆ ಕರಗುತ್ತದೆ. ಬಿರುಕಿನ ತುದಿಗೆ ಮೊದಲು ಸಣ್ಣ ತೂತು ಕೊರೆಯಿರಿ, ಬಿರುಕು ಮುಂದೆ ಓಡುವುದಿಲ್ಲ. ಹಿಂಬದಿಯಿಂದ ಈ ಅಂಬಲಿ ಹಚ್ಚಿ ಒಂದು ದಿನ ಮುಟ್ಟದೆ ಬಿಡಿರಿ. ಬೆಂಕಿ, ಬೀಡಿ ಹತ್ತಿರ ಬೇಡ. ಬಯಲಿನಲ್ಲಿ ಕೂತು ಮಾಡಿರಿ.

ಪಿಪಿಗೆ ಯಾವ ಅಂಗಡಿ ಅಂಟೂ ಸರಿಯಾಗಿ ಹಿಡಿಯದು. ಅದಕ್ಕೆ ಹೊಲಿಗೆಯೇ ಗತಿ. ಬಿರುಕಿನ ಎರಡೂ ಕಡೆ ಅರ್ಧ ಇಂಚು ಬಿಟ್ಟು ಕಾಸಿದ ದಬ್ಬಣದಿಂದ ತೂತು ಮಾಡಿ, ವೈರಿನೊಳಗಿನ ತಾಮ್ರದ ಎಳೆಯಿಂದ ಹೊಲಿದೆ. ಹಿಂದಿನವರು ತೊಗಲಿನ ಮೊಟ್ಟೆ ಹೊಲಿಯುತ್ತಿದ್ದರಲ್ಲ, ಹಾಗೆ. ಚಂದ ಕಾಣುವುದಿಲ್ಲ, ಆದರೆ ಬಿಟ್ಟುಕೊಟ್ಟಿಲ್ಲ. ಫೆವಿಕ್ವಿಕ್ ತಕ್ಷಣ ಹಿಡಿಯುತ್ತದೆ ನಿಜ. ಅಂಟಿದ ಜಾಗ ಕಲ್ಲಾಗುತ್ತದೆ, ಅದರ ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ. ಸಣ್ಣ ಕೆಲಸಕ್ಕೆ ಮಾತ್ರ ಇರಲಿ.

ಒಡೆದ ಸ್ಕ್ರೂ ಕೊಳವೆಗೆ ಹೊರಗಿನಿಂದ ಒಂದು ಪೈಪಿನ ತುಂಡು ತೊಡಿಸಿ ಸುತ್ತ ಎಂ-ಸೀಲ್ ಮೆತ್ತಬೇಕು. ಸ್ಕ್ರೂ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿರಿ. ಟಕ್ ಅಂದು ಹಳೇ ಗೆರೆಯಲ್ಲಿ ಕೂಡುತ್ತದೆ, ಆಗ ಮುಂದಕ್ಕೆ. ಕೈಗೆ ತಡೆ ಸಿಕ್ಕ ಕೂಡಲೇ ಬಿಡಿರಿ.

ಎರಡು ಪ್ಲಾಸ್ಟಿಕ್ ಉಜ್ಜಿ ಕಿರ್ರ್ ಅನ್ನುವ ಕಡೆ ನಡುವೆ ಮೆತ್ತಗಿನದು ಏನಾದರೂ ಬೇಕು. ನಾನು ಮೊದಲು ಸೈಕಲ್ ಟ್ಯೂಬು ಹಾಕಿದೆ. ರಬ್ಬರು ತಾನೇ ಕಿರುಗುಟ್ಟಿತು, ಕಪ್ಪು ಕಲೆಯೂ ಬಿತ್ತು. ಆಮೇಲೆ ನೆನಪಾದದ್ದು ಅಟ್ಟದ ಮೇಲಿದ್ದ ಹಳೇ ಕಂಬಳಿ. ಕುರಿ ಉಣ್ಣೆಯ ಆ ಕಂಬಳಿಯನ್ನು ಬೆರಳಗಲ ಪಟ್ಟಿ ಕತ್ತರಿಸಿ ಒಂದು ಬದಿಗೆ ಮಾತ್ರ ರಬ್ಬರ್ ಅಂಟು ಹಚ್ಚಿ ಕೂರಿಸಿದೆ. ಬಿಸಿಲಿಗೆ ಪ್ಲಾಸ್ಟಿಕ್ ಬೆಳೆದಾಗ ಕಂಬಳಿ ಜಾಗ ಕೊಡುತ್ತದೆ, ತಂಪಿಗೆ ಕುಗ್ಗಿದಾಗ ತುಂಬಿಕೊಳ್ಳುತ್ತದೆ. ಗ್ಲೋವ್ ಬಾಕ್ಸ್, ಮೀಟರಿನ ಸುತ್ತ, ಹಿಂದಿನ ಹಲಗೆ ಎಲ್ಲಾ ಕಡೆ ಇದೇ ಹಾಕಿದ್ದೇನೆ. ವೈರಿನ ಗಂಟಿನ ಮೇಲೆ, ಬಾನೆಟ್ ಒಳಗೆ ಮಾತ್ರ ಬೇಡ.

ಒಳಗೆ ಶಾಂತ ಆದ ಮೇಲೆ

ಇಷ್ಟು ಮಾಡಲು ನಾಲ್ಕು ಭಾನುವಾರ ಹಿಡಿಯಿತು. ಐದನೆಯ ವಾರ ಮಗಳನ್ನು ಕರೆತರಲು ಇಬ್ಬರೂ ಹುಕ್ಕೇರಿಗೆ ಹೊರಟೆವು. ಗೋಕಾಕ ದಾಟಿ ಘಟಪ್ರಭಾ ಕಡೆ ಹೋಗುವಾಗ ನಮ್ಮ ಮನೆಯವರು, "ಏನ್ರಿ, ಇವತ್ತ ನಿಮ್ಮ ಮಾತು ಕೇಳಸಾಕತ್ತೈತಿ" ಅಂದರು. ಮಾತಿನ ಜೊತೆಗೆ ಇನ್ನೊಂದೂ ಕೇಳಿತು. ವೇಗ ತಡೆಯುವ ಉಬ್ಬು ಹತ್ತಿ ಇಳಿಯುವಾಗ, ಸ್ಟೇರಿಂಗ್ ತಿರುವಿದಾಗ, ಎಡ ಮುಂಗಾಲಿಯ ಕಡೆಯಿಂದ ಒಂದು ದಪ್ಪ 'ಟಕ್'. ಪ್ಲಾಸ್ಟಿಕ್ಕಿನ ಟಕ ಟಕ ಅಲ್ಲ. ಪಾದಕ್ಕೆ ತಾಗುವಂಥದ್ದು.

ನಿಧಾನ ಹೋಗಿ, ಹುಕ್ಕೇರಿಯಲ್ಲಿ ಒಬ್ಬ ಮಿಸ್ತ್ರಿಗೆ ತೋರಿಸಿದೆವು. ಅವನು ಗಾಲಿ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದ. ಗಾಲಿ ಹಲ್ಲು ಸಡಲಿದಂತೆ ಆಡಿತು. ಕೆಳಗಿನ ಬಾಲ್ ಜಾಯಿಂಟ್ ಸವೆದು ಹೋಗಿತ್ತು. "ಇದು ಕಳಚಿದರ ಗಾಲಿ ಹೊರಗ ಮಡಚಿ ಬೀಳತೈತ್ರಿ, ಸ್ಟೇರಿಂಗ್ ನಿಮ್ಮ ಕೈಯಾಗ ಇರೂದಿಲ್ಲ" ಅಂದ. ಅದು ಒಂದೇ ವಾರದಲ್ಲಿ ಸವೆದದ್ದಲ್ಲ. ಎಷ್ಟು ತಿಂಗಳು ಆ ಗಾಲಿಯ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ಓಡಾಡಿದ್ದೆನೋ. ಅದು ಕೂಗುತ್ತಲೇ ಇತ್ತು, ಮೇಲಿನ ಗದ್ದಲದಲ್ಲಿ ನನಗೆ ಕೇಳಿರಲಿಲ್ಲ.

ಆದ್ದರಿಂದ ಸಪ್ಪಳವನ್ನು ಹೀಗೆ ಬೇರೆ ಮಾಡಿರಿ. ಅಂಗೈ ಒತ್ತಿದರೆ ನಿಲ್ಲುವುದು, ಬಿಸಿಲು ಏರಿದಂತೆ ಬದಲಾಗುವುದು ಒಳಗಿನದು, ಅದಕ್ಕೆ ಅವಸರವಿಲ್ಲ. ಸ್ಟೇರಿಂಗ್ ತಿರುವಿದಾಗ, ಬ್ರೇಕ್ ಒತ್ತಿದಾಗ, ತಗ್ಗಿಗೆ ಬಿದ್ದಾಗ ಬರುವ ದಪ್ಪ ಸಪ್ಪಳ ಕೆಳಗಿನದು. ಅದಕ್ಕೆ ನಾಳೆ ಅನ್ನಬೇಡಿರಿ. ಗಾಲಿಯ ನಟ್ಟು ಸಡಿಲ ಇದ್ದರೂ ಹೀಗೇ ಆಗುತ್ತದೆ, ಮೊದಲು ಅದನ್ನೇ ಪಾನಾ ಹಾಕಿ ನೋಡಿರಿ. ನೀವೇ ಗಾಲಿ ಅಲ್ಲಾಡಿಸಿ ನೋಡುವುದಾದರೆ ಗಟ್ಟಿ ಸಮ ನೆಲ ಇರಲಿ, ಉಳಿದ ಗಾಲಿಗೆ ಕಲ್ಲು ಕೊಡಿರಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿರಿ.

ಈಗ ಗಾಡಿಯನ್ನು ಬೇವಿನ ಗಿಡದ ನೆರಳಿಗೆ ನಿಲ್ಲಿಸುತ್ತೇನೆ. ಡ್ಯಾಶ್‌ಬೋರ್ಡಿನ ಮೇಲೆ ಹಳೇ ಬಿಳಿ ಧೋತರದ ತುಂಡು ಹಾಸಿರುತ್ತದೆ, ಓಡಿಸುವಾಗ ತೆಗೆಯುತ್ತೇನೆ. ಬಲಗಡೆ ಹಿಂದಿನ ಬಾಗಿಲಲ್ಲಿ ಮಾತ್ರ ಒಂದು ಸಣ್ಣ ಚಿರ್ ಚಿರ್ ಉಳಿದಿದೆ. ಮಳೆಗಾಲದಲ್ಲಿ ಇರುವುದಿಲ್ಲ, ಶಿವರಾತ್ರಿ ದಾಟಿದ ಮೇಲೆ ಬರುತ್ತದೆ. ಬಾಗಿಲು ಎರಡು ಸಲ ಬಿಚ್ಚಿದರೂ ಸಿಕ್ಕಿಲ್ಲ. ಇಂಥದ್ದು ಯಾರಿಗಾದರೂ ಆಗಿ, ಸರಿ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ.