ಪುಕ್ಕಟೆ ಕರೆಂಟಿನ ಖರ್ಚು

ನಮ್ಮ ಹೋಬಳಿಯ ಪೇಟೆಯಲ್ಲಿ ಗೊಬ್ಬರದ ಅಂಗಡಿ ಎರಡು, ಮೋಟಾರು ರೀವೈಂಡಿಂಗ್ ಅಂಗಡಿ ಐದು. ಐದಕ್ಕೂ ಬಿಡುವಿಲ್ಲ. ಇದು ಪೇಟೆ ಬೆಳೆದ ಲಕ್ಷಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾನು ದೊಡ್ಡಬಳ್ಳಾಪುರ ತಾಲ್ಲೂಕಿನವ. ಒಂದೂವರೆ ಎಕರೆ ಹಿಪ್ಪುನೇರಳೆ, 900 ಅಡಿ ಬೋರು, 10 ಎಚ್‌ಪಿ ಪಂಪು. 2008ರಿಂದ 10 ಎಚ್‌ಪಿವರೆಗೆ ಕರೆಂಟು ಉಚಿತ. ಬಿಲ್ಲಿಲ್ಲ, ನಿಜ. ಆದರೆ ಮೂರು ವರ್ಷದ ಚೀಟಿಗಳನ್ನು ಕೂಡಿಸಿ ನೋಡಿದೆ. ಮೋಟಾರು ಎರಡು ಸಲ ಸುಟ್ಟಿದೆ. ಪಂಪು ಎತ್ತಿ ಇಳಿಸಿದ್ದು, ತಾಮ್ರದ ತಂತಿ, ಕೂಲಿ ಸೇರಿ 46,000 ರೂಪಾಯಿ.

ಸುಡೋದು ಯಾಕೆ? 415 ವೋಲ್ಟ್ ಬರಬೇಕಾದ ಕಡೆ ನನ್ನ ಮೀಟರಿನಲ್ಲಿ 340. ವೋಲ್ಟೇಜು ಇಳಿದಷ್ಟೂ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಆಂಪ್ಸ್ ಎಳೀತದೆ. ಆಂಪ್ಸ್ ಕಾಲು ಭಾಗ ಏರಿದರೆ ಸುರುಳಿಯ ಬಿಸಿ ಒಂದೂವರೆ ಪಟ್ಟು ದಾಟುತ್ತೆ. 63 ಕೆವಿಎ ಟಿಸಿಗೆ ಇಂಥ ಪಂಪು ಐದಾದರೇ ತುಂಬಿತು, ನಮ್ಮದಕ್ಕೆ ಒಂಬತ್ತಿವೆ. ದೊಡ್ಡ ಟಿಸಿಗೆ ಅರ್ಜಿ ಕೊಟ್ಟು ಚಪ್ಪಲಿ ಸವೆಸಿದ್ದಾಯ್ತು.

ಕರೆಂಟು ರಾತ್ರಿ ಎಷ್ಟೊತ್ತಿಗೋ ಬರೋದರಿಂದ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದೆವು. ಅದು ಇನ್ನೊಂದು ಫಜೀತಿ. ಹೊರಡುವಾಗ ಮೋಟಾರು ಐದಾರು ಪಟ್ಟು ಕರೆಂಟು ಎಳೀತದೆ. ಒಂಬತ್ತೂ ಒಟ್ಟಿಗೆ ಹೊರಟರೆ ಟಿಸಿ ತಡೆಯುತ್ತದೆಯೇ?

ಆಮೇಲೆ ಹೊಂಡ. ರಾತ್ರಿ ಬಂದ ನೀರನ್ನು ಹಗಲಿಗೆ ಇಟ್ಟುಕೊಳ್ಳಲು ಗುಂಡಿ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿದೆ. ಅಲ್ಲಿಂದ ಡ್ರಿಪ್ಪಿಗೆ ಮತ್ತೊಂದು 3 ಎಚ್‌ಪಿ ಪಂಪು. ಒಂದೇ ನೀರನ್ನು ಎರಡು ಸಲ ಎತ್ತೋದು, ನಡುವೆ ಬಿಸಿಲಿಗೆ ಒಂದಷ್ಟು ಆವಿ. 2023ರ ಬರದಲ್ಲಿ ಏಳು ಗಂಟೆಯ ತ್ರೀ ಫೇಸ್ ಐದಕ್ಕೆ ಇಳಿದಾಗ ಹೊಂಡವೂ ಅರ್ಧ ಖಾಲಿ.

ಅಂಗಡಿಯವರಿಗೆ ಸಂಪಾದನೆ, ಪೈಪು ಹಾಳೆ ಮಾರಿದವರಿಗೆ ವ್ಯಾಪಾರ. ದೇಶದ ಲೆಕ್ಕದಲ್ಲಿ ಇದೆಲ್ಲ ಉತ್ಪನ್ನವೇ. ನನಗೆ ಒಂದು ಹೊರೆ ಸೊಪ್ಪೂ ಹೆಚ್ಚಲಿಲ್ಲ. ರೀವೈಂಡಿಂಗ್ ಹುಡುಗನ ತಪ್ಪೇನಿಲ್ಲ, ಕೈ ಚಳಕದವನು. ಅವನೇ "ಅಣ್ಣಾ, ವೋಲ್ಟೇಜು ನೆಟ್ಟಗಿದ್ದರೆ ನೀವು ಇತ್ತ ಬರೋದೇ ಬೇಡ" ಅಂದ.

ಈಗ ನಾವು ಒಂಬತ್ತು ಜನ ಕೂತು ಮಾತಾಡಿಕೊಂಡಿದ್ದೇವೆ. ಸ್ಟಾರ್ಟರಿನ ಟೈಮರನ್ನು ಒಬ್ಬರಿಂದೊಬ್ಬರಿಗೆ ಎರಡು ನಿಮಿಷ ಅಂತರಕ್ಕೆ ಇಟ್ಟಿದ್ದೇವೆ, ಸರಿಯಾದ ಅಳತೆಯ ಕೆಪ್ಯಾಸಿಟರ್ ಎಲ್ಲರೂ ಹಾಕಿಸಿದ್ದೇವೆ. ಒಬ್ಬಿಬ್ಬರು ಹಾಕಿದರೆ ಪ್ರಯೋಜನ ಕಾಣದು. ಮೀಟರು ಈಗ 365 ತೋರಿಸ್ತಿದೆ. ಟಿಸಿ ಅರ್ಜಿ ಇನ್ನೂ ಅಲ್ಲೇ ಇದೆ.