ಮೀಟರ್ ಬೋರ್ಡಿಗೆ ಮಳೆನೀರು ಬರುವ ದಾರಿ



ಕಾಫಿ ಕಣಕ್ಕೆ ಹಾಸುಗಲ್ಲು ನೋಡಲೆಂದು ಕಳೆದ ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಗೆ ಹೋಗಿದ್ದೆ. ವಾಡಿ ಜಂಕ್ಷನ್ನಿನಲ್ಲಿ ಇಳಿದು ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿ ಚಿಂಚೋಳಿಯವರೆಗೂ ಹೋಗಿಬಂದೆ. ಅಲ್ಲಿನ ಹಳೆಯ ಮನೆಗಳಲ್ಲಿ ಗೋಡೆಗೂ ಕಲ್ಲು, ಮಾಳಿಗೆಗೂ ಕಲ್ಲುಚಪ್ಪಡಿ. ಚಿತ್ತಾಪುರದಲ್ಲಿ ನಾನು ತಂಗಿದ್ದ ಪರಿಚಿತರ ಮನೆಯಲ್ಲಿ ಒಂದು ರಾತ್ರಿ ಜೋರು ಮಳೆ ಹಿಡಿಯಿತು. ಮೀಟರ್ ಬೋರ್ಡು ಚಿಟಿಚಿಟಿ ಎಂದಿತು. ಪಕ್ಕದ ಗೋಡೆ ಮುಟ್ಟಿದ ಹುಡುಗನ ಕೈ ಜುಮ್ಮೆಂದಿತು. ಲೈನ್‌ಮನ್ ಬಂದು ಕಂಬದಲ್ಲಿ ಫ್ಯೂಸು ತೆಗೆಯುವವರೆಗೆ ಯಾರೂ ಆ ಗೋಡೆಯ ಬಳಿ ಸುಳಿಯಲಿಲ್ಲ.

ಬೆಳಿಗ್ಗೆ ನೋಡಿದರೆ ಮಾಳಿಗೆ ಎಲ್ಲಿಯೂ ಸೋರಿರಲಿಲ್ಲ. ಸರ್ವಿಸ್ ವೈರು ಇಳಿಯುವ ಕಬ್ಬಿಣದ ಪೈಪಿನ ಬಾಯಿ ಆಕಾಶ ನೋಡುತ್ತಿತ್ತು, ಅಷ್ಟೆ.

ಅಲ್ಲಿ ವರ್ಷಕ್ಕೆ ಸುಮಾರು 30 ಅಂಗುಲ ಮಳೆ. ನಮ್ಮ ಮಲೆನಾಡಿನ ಎಷ್ಟೋ ಹೋಬಳಿಗಳಲ್ಲಿ 100 ಅಂಗುಲ ದಾಟುತ್ತದೆ. ಊರಿಗೆ ಬಂದವನೇ ನನ್ನ ಮನೆಯ ಗೋಡೆ ನೋಡಿದೆ. ವೈರಿನ ತೂತು ಒಳಗಡೆಗೇ ಇಳಿಜಾರಾಗಿತ್ತು! ಇಪ್ಪತ್ತು ವರ್ಷ ಅದರ ಕೆಳಗೇ ಓಡಾಡಿದ್ದೆವು.

ನೀರು ಹೇಗೆ ಬರುತ್ತದೆ? ಕಂಬ ಎತ್ತರ, ಮನೆ ತಗ್ಗು. ವೈರಿನ ಮೇಲೆ ಬಿದ್ದ ಹನಿ ಅದನ್ನೇ ಹಿಡಿದುಕೊಂಡು ಮನೆಯತ್ತ ಜಾರುತ್ತದೆ. ಇದನ್ನು ತಡೆಯಲು ನಾಲ್ಕು ಕೆಲಸ ಆಗಬೇಕು.

1. ವೈರು ನೇರವಾಗಿ ಗೋಡೆ ಹೊಗಬಾರದು. ತೂತಿಗಿಂತ ಒಂದು ಗೇಣು ಕೆಳಗೆ ಜೋತುಬಿದ್ದು, ಮತ್ತೆ ಮೇಲೇರಿ ಒಳಹೋಗಬೇಕು. ಹನಿ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ವೈರಿನ ಭಾರವನ್ನು ಜೊತೆಯ ಜಿ.ಐ. ತಂತಿ ಹೊರಬೇಕೇ ಹೊರತು ವೈರೇ ಅಲ್ಲ.

2. ಗೋಡೆಯ ಪೈಪು ಹೊರಕ್ಕೆ ಇಳಿಜಾರಾಗಿರಲಿ, ಅದರ ಬಾಯಿಗೆ ಕೆಳಮುಖದ ಬೆಂಡು ಇರಲಿ. ಇರಚಲು ಹೊಡೆಯುವ ದಿಕ್ಕನ್ನು ಬಿಟ್ಟು, ಸೂರಿನ ಅಡಿಯಲ್ಲಿ ಜಾಗ ಆರಿಸಿ. ಹಂಚಿನ ಮಾಡನ್ನು ತೂತು ಮಾಡಬೇಡಿ. ಮಾಳಿಗೆಯಾದರೆ ಪೈಪಿನ ಸುತ್ತ ನಾಲ್ಕು ಬೆರಳೆತ್ತರ ಗಾರೆಯ ಕಟ್ಟೆ ಕಟ್ಟಿ, ಪೈಪಿಗೂ ಗಾರೆಗೂ ನಡುವಿನ ಸಂದಿಗೆ ಡಾಂಬರು ತುಂಬಿಸಿ. ಬಿಸಿಲಿಗೆ ಕಬ್ಬಿಣ ಹಿಗ್ಗಿ ಬರಿಯ ಗಾರೆ ಬಿರಿಯುತ್ತದೆ.

3. ಪೈಪಿನ ಬಾಯಿಯನ್ನು ಮೆತ್ತಗೆ ಉಳಿಯುವ ಪುಟ್ಟಿಯಿಂದ ಮುಚ್ಚಿಸಿ. ಸಿಮೆಂಟು ಮೆತ್ತಬೇಡಿ, ಗಾಳಿಗೆ ವೈರು ಅಲುಗಿದಂತೆ ಸಿಮೆಂಟು ಬಿಡುತ್ತದೆ, ವೈರಿನ ಹೊದಿಕೆಯನ್ನೂ ತಿಕ್ಕುತ್ತದೆ.

4. ಬಿಸಿಲಿಗೆ ಸೀಳಿದ ವೈರನ್ನು ಬದಲಾಯಿಸಿಯೇ ತೀರಬೇಕು. ಸೀಳಿನಲ್ಲಿ ಹೊಕ್ಕ ನೀರು ಎಳೆಗಳ ನಡುವೆ, ಬತ್ತಿಯಲ್ಲಿ ಎಣ್ಣೆ ಹರಿದಂತೆ, ಮೀಟರಿನವರೆಗೂ ಬರುತ್ತದೆ. ಹೊರಗಿನ ಪುಟ್ಟಿ ಅದನ್ನು ತಡೆಯದು. ಹೊರಗೆ ಜಾಯಿಂಟು ಇರಲೇಬೇಕಾದರೆ ಅದು ಪೈಪಿನ ಬಾಯಿಗಿಂತ ಕೆಳಗಿರಲಿ.

"ನಮ್ಮಲ್ಲಿ ಆರ್.ಸಿ.ಸಿ.ಬಿ. ಹಾಕಿಸಿದೆ, ಭಯವಿಲ್ಲ" ಎನ್ನುವ ಸದಸ್ಯರಿದ್ದಾರೆ. 30 ಮಿಲಿಆಂಪಿಯರಿನ ಆ ಸಾಧನ ಅಗತ್ಯವೇ. ಆದರೆ ಅದು ಕಾಯುವುದು ತನ್ನ ಮುಂದಿನ ವೈರಿಂಗನ್ನು ಮಾತ್ರ. ಅದಕ್ಕೂ ಮೊದಲು, ಮೀಟರಿನ ಬಳಿ ಗೋಡೆಗೆ ಕರೆಂಟು ಇಳಿದರೆ ಅದು ಬೀಳುವುದಿಲ್ಲ. ಕಂಬದ ಫ್ಯೂಸು ಸಹ ಅಷ್ಟು ಸಣ್ಣ ಸೋರಿಕೆಗೆ ಹೋಗುವುದಿಲ್ಲ. ಆದರೆ ಮನುಷ್ಯನ ಜೀವಕ್ಕೆ ಅಷ್ಟೇ ಸಾಕು.

ಮೀಟರಿನವರೆಗಿನ ಲೈನಿಗೆ ನಾವು ಕೈಹಾಕಕೂಡದು. ಮೇನ್ ಸ್ವಿಚ್ ಆರಿಸಿದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ. ಅಲ್ಲಿ ಜೆಸ್ಕಾಂ, ಇಲ್ಲಿ ಮೆಸ್ಕಾಂ ಅಥವಾ ಸೆಸ್ಕ್. ಆಯಾ ಶಾಖಾ ಕಚೇರಿಗೆ ಅರ್ಜಿ ಕೊಟ್ಟು, ಕಂಬದಲ್ಲಿ ಸಂಪರ್ಕ ತೆಗೆಸಿ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ. ನಮ್ಮ ಪಾಲಿನ ಕೆಲಸ ನೆಲದ ಮೇಲೆ ನಿಂತು ನೋಡುವುದು.

ಅಡಿಕೆಗೆ ಬೋರ್ಡೋ ಹೊಡೆಸಲು ಮಳೆಗೆ ಮೊದಲೇ ಓಡಾಡುತ್ತೇವಲ್ಲ, ಅದೇ ವಾರ ಇದನ್ನೂ ನೋಡಿಬಿಡಿ. ಸ್ವಂತ ಮನೆಯದನ್ನು ನೋಡಿ ಸುಮ್ಮನಾಗಬೇಡಿ. ಲೈನ್ ಮನೆಗಳಲ್ಲಿ ಮಕ್ಕಳು ಒರಗಿ ಕೂರುವ ಗೋಡೆಯನ್ನೇ ಮೊದಲು ನೋಡಿ.

— ಕಾರ್ಯದರ್ಶಿ