ಗರಿಗಳೊಳಗಿನ ಧ್ವನಿ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿರುವ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮುಂದೆ ನಮ್ಮವರಲ್ಲಿ ಎಷ್ಟೋ ಮಂದಿ ಹಾದುಹೋಗಿರಬಹುದು. ಒಳಗೆ ಕಾಲಿಟ್ಟವರು ವಿರಳ. 1917ರಲ್ಲಿ ಸ್ಥಾಪಿತವಾದ ಈ ಮಂದಿರದಲ್ಲಿ ಋಗ್ವೇದದ 30 ಹಸ್ತಪ್ರತಿಗಳುಂಟು.

ವೇದವನ್ನು ಗುರುಮುಖದಿಂದ ಕೇಳಿ ಕಲಿಯತಕ್ಕದ್ದೆಂಬುದು ಸಂಪ್ರದಾಯ. ಹಾಗಿರುವಾಗ ಬರೆದಿಡುವ ಅಗತ್ಯವೇನು? ನೆನಪು ಎಡವೀತು, ಪಾಠ ಹೇಳುವ ಮನೆತನವೂ ನಿಂತುಹೋದೀತು. ಆದುದರಿಂದ ಲಿಪಿಕಾರರು ಅಕ್ಷರದೊಡನೆ ಸ್ವರವನ್ನೂ ಗುರುತಿಸಿದರು. ದೇವನಾಗರಿ ಬರಹದಲ್ಲಿ ಅಕ್ಷರದ ಕೆಳಗಿನ ಅಡ್ಡಗೆರೆ ಅನುದಾತ್ತ. ಮೇಲಿನ ನಿಲುಗೆರೆ ಸ್ವರಿತ. ಗೆರೆ ತಪ್ಪಿದರೆ ಪಠನವೂ ತಪ್ಪುವುದು.

ದೂರದ ಗ್ರೀಕರಿಗೂ ಇದೇ ಚಿಂತೆಯಿದ್ದಿತು. ವರ್ಷದ ಯಾವ ದಿನ ಸುವಾರ್ತೆಯ ಯಾವ ಭಾಗವನ್ನು ಓದಬೇಕೆಂದು ಕ್ರಮವಾಗಿ ಜೋಡಿಸಿ, ಮಧ್ಯಯುಗದ ಗ್ರೀಕ್ ಕ್ರೈಸ್ತರು ಚರ್ಮದ ಹಾಳೆಗಳಲ್ಲಿ ಪಠನಗ್ರಂಥಗಳನ್ನು ಬರೆದರು. ಅಂಥ 2,000ಕ್ಕೂ ಹೆಚ್ಚು ಪ್ರತಿಗಳು ಉಳಿದಿವೆ. ಧ್ವನಿಯನ್ನು ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಹಲವು ಪ್ರತಿಗಳಲ್ಲಿ ಕೆಂಪು ಮಸಿಯ ಗುರುತುಗಳಿವೆ. ಮತ ಬೇರೆ, ಭಾಷೆ ಬೇರೆ, ಕಾಳಜಿ ಒಂದೇ.

ಪುಣೆಯ ಪ್ರತಿಗಳಲ್ಲೊಂದು ಭೂರ್ಜಪತ್ರದ ಮೇಲೆ ಶಾರದಾ ಲಿಪಿಯಲ್ಲಿದೆ. ಅದು ಕಾಶ್ಮೀರದಿಂದ ಬಂದುದು. ಬೇರೆ ಕೆಲವುಗಳಲ್ಲಿ ಸಾಯಣಾಚಾರ್ಯರ ಭಾಷ್ಯವಿದೆ. ತುಂಗಭದ್ರೆಯ ದಡದ ವಿಜಯನಗರದ ಬುಕ್ಕರಾಯನ ಆಶ್ರಯವನ್ನು ಪಡೆದ, 14ನೆಯ ಶತಮಾನದ ಕೃತಿಯದು. ನಮ್ಮಂತೆಯೇ ಅದೂ ಊರು ಬಿಟ್ಟು ಬಂದು ಪುಣೆಯಲ್ಲಿ ನೆಲೆಸಿದೆ!

ಈ ಸಂಪತ್ತಿಗೆ ಅಪಾಯವೂ ಒದಗಿತು. ಶಿವಾಜಿ ಮಹಾರಾಜರನ್ನು ಕುರಿತ ಪುಸ್ತಕವೊಂದರ ಮೇಲಣ ಕೋಪದಿಂದ 2004ರ ಜನವರಿ 5ರಂದು ಗುಂಪೊಂದು ಮಂದಿರಕ್ಕೆ ನುಗ್ಗಿತು. ಗ್ರಂಥಗಳೂ ಹಸ್ತಪ್ರತಿಗಳೂ ಹಾನಿಗೊಂಡವು. ಮೂರು ವರ್ಷಗಳ ತರುವಾಯ, 2007ರಲ್ಲಿ, ಯುನೆಸ್ಕೊ ಸಂಸ್ಥೆಯು ಈ ಋಗ್ವೇದ ಪ್ರತಿಗಳನ್ನು ವಿಶ್ವದ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು. ಶತಮಾನಗಳ ಶ್ರಮವನ್ನು ಕೆಡಿಸಲು ಒಂದು ಬೆಳಗು ಸಾಕು. ಅದನ್ನು ಮರಳಿ ಪಡೆಯಲು ಯಾವ ಹಣವೂ ಸಾಲದು.

ಕೆಡುಕು ಕೋಪದಿಂದಲೇ ಬರಬೇಕೆಂದಿಲ್ಲ, ಅಲಕ್ಷ್ಯದಿಂದಲೂ ಬರುವುದು. ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟಿನಿಂದಲೇ ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನಲ್ಲಿ ಬೆಳಕಿಗೆ ಬಂದಿತು; ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ವಾಚಕರೇ, ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಮನೆಯ ಅಟ್ಟವನ್ನು ಹುಡುಕಿ ನೋಡಿರಿ. ಹಳೆಯ ಗರಿಗಳು ಸಿಕ್ಕಿದರೆ ಹೊಳೆಗೆ ಬಿಡಬೇಡಿರಿ, ಒಲೆಗೆ ಹಾಕಬೇಡಿರಿ. ಓದಬಲ್ಲವರ ಕೈಗೆ ಕೊಡಿರಿ. ನಮಗೆ ತಿಳಿಯದ ಅಕ್ಷರದಲ್ಲಿ ನಮ್ಮ ಹಿರಿಯರ ಧ್ವನಿಯೇ ಅಡಗಿರಬಹುದು.